ಬುಟ್ಟಿ ತುಂಬ ಕಬ್ಬಿಣ

ಸಂಡೂರಿನ ಮೊದಲ ಮಳೆಗೆ ಕೀಲಿಕೈಯ ರುಚಿ. ಮಳೆಗೆ ವಾಸನೆ ಇರಬಹುದು, ರುಚಿ ಎಲ್ಲಿಂದ ಬಂತು ಎಂದು ನಮ್ಮ ಯಜಮಾನರು ಕೇಳುತ್ತಾರೆ. ಅವರ ಬಾಯಿಗೆ ಯಾರೂ ಕೀಲಿಕೈ ತುರುಕಿಲ್ಲ, ಅದಕ್ಕೇ ಕೇಳುತ್ತಾರೆ.

ಮೊನ್ನೆ ಹೊಸಪೇಟೆಯಿಂದ ಸಂಡೂರಿಗೆ ಬಸ್ಸಿನಲ್ಲಿ ಹೋಗುವಾಗ ಗುಡ್ಡ ಶುರುವಾಗುವ ಹೊತ್ತಿಗೆ, ಈ ಸಲ ಶ್ರಾವಣದವರೆಗೂ ತಡವಾದ ಮಳೆಯ ಮೊದಲ ದಪ್ಪ ಹನಿ ಬಿತ್ತು. ನನ್ನ ಪಕ್ಕದ ಕಿಟಕಿಯ ಗಾಜು ನಾಲ್ಕು ಬೆರಳು ಜಾಗ ಬಿಟ್ಟು ಸಿಕ್ಕಿಕೊಂಡಿತ್ತು. ಅದಿರು ಲಾರಿಗಳು ಬೇಸಿಗೆಯಿಡೀ ಚೆಲ್ಲಿದ ಕೆಂಪು ಧೂಳು ನೆನೆದು, ತುಕ್ಕು ಹಿಡಿದ ಕಬ್ಬಿಣವನ್ನು ಒದ್ದೆ ಕೈಯಲ್ಲಿ ಹಿಡಿದಾಗ ಬರುವ ವಾಸನೆ ಒಳಗೆ ನುಗ್ಗಿತು. ಮುಂದಿನ ಸೀಟಿನ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನನ್ನ ನಾಲಗೆ ಮಾತ್ರ ತಾನಾಗಿಯೇ ಮುರಿದ ಮುಂದಿನ ಹಲ್ಲನ್ನು ಹುಡುಕಿಕೊಂಡು ಹೋಯಿತು. ಸಂಡೂರಿನಲ್ಲಿ ಕಳೆದ ಆ ಮಳೆಗಾಲ ಪೂರ್ತಿ ನೆನಪಾಯಿತು.

ನನಗೆ ಫಿಟ್ಸ್ ಇದೆ. ಬಳ್ಳಾರಿಯ ಕಾನ್ವೆಂಟಿನಲ್ಲಿ ಓದುತ್ತಿದ್ದಾಗ, ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ಮೊದಲ ಸಲ ಬಿದ್ದೆ. ನಮ್ಮ ಸಿಸ್ಟರ್ ತಮ್ಮ ಏಪ್ರನ್ ಬಿಚ್ಚಿ ಮಡಚಿ ನನ್ನ ತಲೆಯ ಕೆಳಗಿಟ್ಟು, ನನ್ನನ್ನು ಮಗ್ಗುಲಿಗೆ ಹೊರಳಿಸಿ, ಕೊರಳಿನ ಗುಂಡಿ ಸಡಿಲಿಸಿ, ಉಳಿದ ಹುಡುಗಿಯರಿಗೆ "ಹಾಡು ನಿಲ್ಲಿಸಬೇಡಿ" ಎಂದರಂತೆ. ಎಚ್ಚರವಾದಾಗ ಹಾಡಿನ ಕೊನೆಯ ಸಾಲು ಕೇಳುತ್ತಿತ್ತು. ಸಿಸ್ಟರ್ ನನ್ನ ರಿಬ್ಬನ್ನು ಮತ್ತೆ ಕಟ್ಟಿ, ಇವತ್ತು ಡಿಕ್ಟೇಶನ್ ಬರೆಯುವುದು ಬೇಡ ಎಂದರು. ಅಷ್ಟೇ. ಬಿದ್ದವರನ್ನು ಪ್ರಪಂಚ ಹೀಗೆಯೇ ಎತ್ತಿಕೊಳ್ಳುತ್ತದೆ ಎಂದು ನಂಬಿಕೊಂಡು ಬೆಳೆದೆ.

ಮದುವೆಯಾಗಿ ಹೊಸಪೇಟೆಗೆ ಬಂದ ವರ್ಷ ಗೌರಿ ಹಬ್ಬದ ದಿನ ಅಡುಗೆಮನೆಯ ಹೊಸ್ತಿಲಲ್ಲಿ ಬಿದ್ದೆ. ಮನೆ ತುಂಬ ನೆಂಟರು. ಒಬ್ಬರು ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿದರು, ಒಬ್ಬರು ಕೈಗೆ ಕೀಲಿಕೈ ಗೊಂಚಲು ಕೊಟ್ಟರು, ಇನ್ನೊಬ್ಬರು ಅದೇ ಗೊಂಚಲಿನ ಬೀರುವಿನ ಕೀಲಿಕೈಯನ್ನು ಹಲ್ಲಿನ ಸಂದಿಗೆ ತುರುಕಿದರು. ಪ್ರೀತಿಯಿಂದಲೇ ತುರುಕಿದರು. ಹಲ್ಲು ಮುರಿಯಿತು. ಆಮೇಲೆ ಗುಳಿಗೆ ಶುರುವಾಯಿತು. ಯಜಮಾನರು ಪ್ರತಿ ತಿಂಗಳೂ ಅದನ್ನು ಸ್ವೀಟ್ ಅಂಗಡಿಯ ಕವರಿನಲ್ಲಿ ಸುತ್ತಿ ತರುತ್ತಿದ್ದರು. ಬೀಳುವುದು ಕಡಿಮೆಯಾಯಿತು. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದು ಮಾತ್ರ ರೂಢಿಯಾಗಿ ಹೋಯಿತು.

ಯಜಮಾನರಿಗೆ ಸಂಡೂರಿನ ಬ್ಯಾಂಕಿಗೆ ವರ್ಗವಾದದ್ದು ಮಳೆಗಾಲದ ಬಾಗಿಲಲ್ಲಿ. ಅತ್ತೆಯವರ ಕಾಲದ ಬೀರು ಕೂಡ ನಮ್ಮ ಮತ್ತು ಮಗಳ ಜೊತೆ ಲಾರಿ ಹತ್ತಿ ಬಂತು. ಬಾಡಿಗೆ ಮನೆಯ ಮಾಳಿಗೆಯಿಂದ ಗುಡ್ಡ ಕಾಣುತ್ತಿತ್ತು. ಒಂದು ಮಗ್ಗುಲು ಹಸಿರು, ಇನ್ನೊಂದು ಮಗ್ಗುಲು ಹೋಳಿಗೆ ಮುರಿದಂತೆ ಕೆಂಪು. ಹಗ್ಗಕ್ಕೆ ಹಾಕಿದ ಬಿಳಿ ಬಟ್ಟೆ ಒಣಗುವಷ್ಟರಲ್ಲಿ ತಿಳಿ ಗುಲಾಬಿಯಾಗುತ್ತಿತ್ತು.

ಗುಳಿಗೆ ಮುಗಿದಾಗ ನಾನೇ ಮೆಡಿಕಲ್ ಶಾಪಿಗೆ ಹೋದೆ. ಅಂಗಡಿಯವನು ಚೀಟಿ ನೋಡಿ, "ಇದು ನಮ್ಮಲ್ಲಿ ಬರಾಕ ತಡ ಆಗ್ತೈತ್ರಿ. ಯಶವಂತನಗರದ ದಾರ್ಯಾಗ ಗುರುವಾರದ ಖೋಲಿ ಐತಲ್ರಿ, ಅಲ್ಲಿ ಕೇಳ್ರಿ. ಪುಕ್ಕಟೆ ಕೊಡ್ತಾರ" ಎಂದ, ಜೋಳದ ಹಿಟ್ಟಿನ ಗಿರಣಿಗೆ ದಾರಿ ಹೇಳಿದಷ್ಟು ಸಲೀಸಾಗಿ.

ಖೋಲಿ ಇದ್ದ ಹಳ್ಳಿಯ ಹೆಸರು ಬರೆಯುವುದಿಲ್ಲ. ಬರೆದರೆ ಅಲ್ಲಿನ ಪಂಚಾಯ್ತಿ ಮೆಂಬರ್ ಎರ್‍ರಿಸ್ವಾಮಿ ಮತ್ತೆ ನನ್ನ ಮೇಲೆ ಮುನಿಸಿಕೊಳ್ಳುತ್ತಾರೆ. ಸರ್ಕಾರಿ ಆರೋಗ್ಯ ಕೇಂದ್ರದ ಹಿಂದೆ, ಮೊದಲು ಮುರಿದ ಕುರ್ಚಿಗಳನ್ನು ಒಟ್ಟುತ್ತಿದ್ದ ಖೋಲಿ ಅದು. ಒಂದು ಮೇಜು, ಎರಡು ಬೆಂಚು, ರೆಕ್ಸಿನ್ ಹಾಸಿದ ಒಂದು ಮಂಚ. ಮಂಚದ ಮೂಲೆಗಳಿಗೆಲ್ಲ ಹಳೆಯ ಸೀರೆ ಸುತ್ತಿ ಮೆತ್ತಗೆ ಮಾಡಿದ್ದರು. ಬಾಗಿಲೊಂದೇ ಮಾತು ಕೇಳುತ್ತಿರಲಿಲ್ಲ. ಗುಡ್ಡದ ಗಾಳಿ ಬೀಸಿದಾಗಲೆಲ್ಲ ಢಬ್ ಎಂದು ಬಡಿದುಕೊಳ್ಳುತ್ತಿತ್ತು, ಬೆಂಚಿನ ಮೇಲೆ ಕೂತವರೆಲ್ಲ ಒಮ್ಮೆ ಬೆಚ್ಚುತ್ತಿದ್ದರು.

ಖೋಲಿ ನೋಡಿಕೊಳ್ಳುತ್ತಿದ್ದವಳು ಶಾಹಿನಾ. ಸಮಾಜ ಸೇವೆಯ ಕೋರ್ಸು ಓದಿದ ಹೊಸಪೇಟೆಯ ಹುಡುಗಿ. ಒಂದು ಕಡ್ಡಿ ಮುರಿದ ಕರಿ ಕೊಡೆ, ಮನೆಯ ಆ ತುದಿಗೆ ಕೇಳುವಂಥ ಗಂಟಲು. ನಾನು ಬಾಗಿಲಲ್ಲಿ ನಿಂತು ಚಪ್ಪಲಿ ಬಿಡಬೇಕೋ ಬೇಡವೋ ಎಂದು ಯೋಚಿಸುತ್ತಿದ್ದಾಗಲೇ ಕೂಗಿದಳು. "ಬರ್‍ರಿ ಅಕ್ಕಾರ, ಕುಂದ್ರಿ. ನಿಮಗ ಐತೋ, ಮನ್ಯಾಗ ಯಾರಿಗರ ಐತೋ?"

ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ.

"ನನಗೇ" ಎಂದೆ.

"ಹೌದಾ? ಛಾ ಕುಡೀತೀರಾ?" ಎಂದಳು ಶಾಹಿನಾ.

ಗುಳಿಗೆ ತೆಗೆದುಕೊಂಡ ಮೇಲೂ ಗುರುವಾರಗಳಂದು ಹೋಗತೊಡಗಿದೆ. ತಿಂಗಳಿಗೊಮ್ಮೆ ಡಾಕ್ಟರು ಬರುತ್ತಿದ್ದರು. ಉಳಿದ ಗುರುವಾರಗಳೆಲ್ಲ ಶಾಹಿನಾಳವೇ. ಫಿಟ್ಸ್ ಬಂದ ಹುಡುಗನನ್ನು ಶಾಲೆ ಬಿಡಿಸಬೇಡಿ ಎಂದು ಹೆಡ್‌ಮಾಸ್ಟರ ಹತ್ತಿರ ಹೋಗುವವಳು ಅವಳೇ. ಯಂತ್ರದ ಹತ್ತಿರ ಬೇಡ, ಗೇಟಿನ ಕೆಲಸವಾದರೂ ಕೊಡಿ ಎಂದು ಕಂಟ್ರಾಕ್ಟರನ ಹತ್ತಿರ ಜಗಳ ಆಡುವವಳೂ ಅವಳೇ. ನಾನು ಹೆಸರು ಬರೆದುಕೊಳ್ಳುತ್ತ, ಮಕ್ಕಳ ಮೂಗು ಒರೆಸುತ್ತ ಕೂರುತ್ತಿದ್ದೆ.

ಹುಲಿಗೆಮ್ಮನನ್ನು ನೋಡಿದ್ದು ಅಲ್ಲಿಯೇ. ಕಂಪ್ಲಿಯ ಹುಡುಗಿ, ಈ ಹಳ್ಳಿಗೆ ಸೊಸೆಯಾಗಿ ಬಂದವಳು, ಆಗ ಐದು ತಿಂಗಳ ಬಸುರಿ. ಜೊತೆಗೆ ಅತ್ತೆ ದುರುಗಮ್ಮ. ದುರುಗಮ್ಮನ ಎಲೆ ಅಡಿಕೆ ಸಂಚಿಯಲ್ಲಿ ಒಂದು ಲಾರಿ ಬೋಲ್ಟು ಇರುತ್ತಿತ್ತು, ಬದನೆಕಾಯಿ ಗಾತ್ರದ್ದು. ಮಗ ಅದಿರು ಲಾರಿಯ ಡ್ರೈವರ್, ಅವನದೇ ಲಾರಿಯದು. ಸೊಸೆ ಬಿದ್ದಾಗಲೆಲ್ಲ ಅದನ್ನು ಅವಳ ಅಂಗೈಗೆ ಒತ್ತಿ ಹಿಡಿಯುವುದು ದುರುಗಮ್ಮನ ಕೆಲಸ. ಹುಲಿಗೆಮ್ಮನ ಬಲ ಅಂಗೈಯಲ್ಲಿ ಅದರ ತಿರುಪಿನ ಗೆರೆ ಮೂಡಿದ ಒಂದು ಗಾಯ ಮಾಯುತ್ತಲೇ ಇರಲಿಲ್ಲ.

"ಅಮ್ಮಾ, ಆ ಬೋಲ್ಟು ಒಳಗಿಡು. ಅಕಿಗೆ ಬಡದ್ರ ಎಲುಬು ಮುರೀತೈತಿ" ಎಂದಳು ಶಾಹಿನಾ.

"ಕಬ್ಬಿಣ ಹಿಡಿಸಿದ್ರ ಇಳೀತೈತವ್ವಾ. ನಾ ಕಣ್ಣಾರ ನೋಡೀನಿ."

"ಹಿಡಿಸದಿದ್ರೂ ಇಳೀತೈತಿ. ಒಂದ್ಸಲ ಸುಮ್ಕ ಕುಂತು ನೋಡು."

"ಸುಮ್ಕ ಕುಂದ್ರಾಕ ನಾ ಏನು ಪಂಚಾಯ್ತಿ ಮೆಂಬರಾ?" ಎಂದಳು ದುರುಗಮ್ಮ. ಬೆಂಚೆಲ್ಲ ನಕ್ಕಿತು.

ಗುಳಿಗೆಯಿಂದ ಕೂಸಿಗೆ ಕೇಡಾಗುತ್ತದೆಂದು ಯಾರೋ ಹೇಳಿದ್ದನ್ನು ಕೇಳಿ ದುರುಗಮ್ಮ ಅದನ್ನೂ ನಿಲ್ಲಿಸಿದ್ದಳು. ಆವತ್ತು ನಮ್ಮೆದುರಿಗೇ ಹುಲಿಗೆಮ್ಮನ ಕಣ್ಣುಗುಡ್ಡೆಗಳು ಮೇಲೆ ಸಿಕ್ಕಿಕೊಂಡವು. ಶಾಹಿನಾ ಅವಳನ್ನು ಮೆಲ್ಲಗೆ ಮಲಗಿಸಿ ಎಡ ಮಗ್ಗುಲಿಗೆ ಹೊರಳಿಸಿ, ದುಪಟ್ಟಾ ಮಡಚಿ ತಲೆಯ ಕೆಳಗಿಟ್ಟು, ಗೋಡೆಯ ಗಡಿಯಾರದ ಕಡೆ ನೋಡುತ್ತ ಕೂತಳು. ನನಗೆ ನಮ್ಮ ಸಿಸ್ಟರ ಏಪ್ರನ್ನಿನ ನೀಲಿ ಅಂಚು ಕಣ್ಣ ಮುಂದೆ ಬಂತು. ದುರುಗಮ್ಮ ಸಂಚಿಗೆ ಕೈ ಹಾಕಿದಳು. "ಬ್ಯಾಡ ಅಮ್ಮಾ" ಎಂದಳು ಶಾಹಿನಾ, ಗಡಿಯಾರದಿಂದ ಕಣ್ಣು ತೆಗೆಯದೆ. ದುರುಗಮ್ಮ ಬೋಲ್ಟನ್ನು ತನ್ನ ಮುಷ್ಟಿಯಲ್ಲೇ ಹಿಡಿದು ಕೂತಳು. ಸ್ವಲ್ಪ ಹೊತ್ತಿಗೆ ಕೈಕಾಲಿನ ಸೆಳೆತ ತಾನಾಗಿ ನಿಂತಿತು. ಹುಡುಗಿ ನಿದ್ದೆ ಹೋದವರಂತೆ ಉಸಿರಾಡತೊಡಗಿದಳು.

ದುರುಗಮ್ಮ ಮುಷ್ಟಿ ಬಿಚ್ಚಿ ನೋಡಿಕೊಂಡಳು. ಬೋಲ್ಟಿನ ತಿರುಪಿನ ಗೆರೆ ಈಗ ಅವಳ ಅಂಗೈಯಲ್ಲಿ ಮೂಡಿತ್ತು. "ಹಂಗಾದ್ರ ಇದು ನನ್ನ ಧೈರ್ಯಕ್ಕ ಇತ್ತೇನು?" ಎಂದಳು.

ಮರುದಿನವೇ ಶಾಹಿನಾ ಇಬ್ಬರನ್ನೂ ಬಳ್ಳಾರಿಯ ದೊಡ್ಡ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರು ಗುಳಿಗೆ ಬದಲಾಯಿಸಿ, ಹೆರಿಗೆಯವರೆಗೆ ಒಂದು ಹೊತ್ತೂ ತಪ್ಪಿಸಬಾರದು, ಪ್ರತಿ ವಾರ ಯಾರಾದರೂ ನೋಡಿಕೊಳ್ಳುತ್ತಿರಬೇಕು ಎಂದು ಹೇಳಿ ಕಳಿಸಿದರು. ಯಾರಾದರೂ ಎಂದರೆ ಗುರುವಾರದ ಖೋಲಿಯೇ. ಬೇರೆ ಯಾರಿದ್ದರು?

ಆಷಾಢ ಮುಗಿಯುವ ಹೊತ್ತಿಗೆ ಒಂದು ಗುರುವಾರ ಶಾಹಿನಾ ಛಾ ಮಾಡಲಿಲ್ಲ. "ಸ್ಕೀಮಿನ ರೊಕ್ಕ ಮುಗೀತಂತ್ರಿ ಅಕ್ಕಾರ. ಮುಂದಿನ ತಿಂಗಳಿಂದ ಖೋಲಿ ಬಂದ್. ಗುಳಿಗಿ, ನನ್ನ ಪಗಾರ, ಡಾಕ್ಟ್ರ ಗಾಡಿ, ಎಲ್ಲಾ."

ದುರುಗಮ್ಮ ಸುಣ್ಣದ ಡಬ್ಬಿ ಮುಚ್ಚಿದಳು. "ಹಂಗಿದ್ರ ಹುಡುಗಿನ್ನ ಕಂಪ್ಲಿಗೆ ಕಳಸ್ತೀನಿ. ಅವರವ್ವನ ಮನ್ಯಾಗ ಹಡೀಲಿ. ನನ್ನ ಒಬ್ಬಾಕಿ ಕೈಲೆ ಆಗಂಗಿಲ್ಲ. ಏನರ ಆದ್ರ ಮಗಗ ಏನಂತ ಹೇಳ್ಲಿ?"

ಹುಲಿಗೆಮ್ಮ ಅಳಲಿಲ್ಲ. ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದಳು. "ಅಲ್ಲಿ ನಮ್ಮಣ್ಣನ ಮದುವಿ ಮಾತು ನಡದೈತ್ರಿ ಅಕ್ಕಾರ. ಮನ್ಯಾಗ ಈ ಬ್ಯಾನಿ ಐತಿ ಅಂತ ಗೊತ್ತಾದ್ರ ಹೆಣ್ಣು ಯಾರು ಕೊಡ್ತಾರ? ಬಾಗ್ಲಾ ಹಾಕ್ಕಂಡು ಗುಳಿಗಿ ನುಂಗಬೇಕು. ಒಳಗ ಒಂದೂ ಬಾಗ್ಲಿಲ್ಲದ ಮನಿ ಅದು."

ಗುಳಿಗೆ ತಪ್ಪುತ್ತದೆ, ಬೀಳುತ್ತಾಳೆ, ಹೊಟ್ಟೆಯಲ್ಲಿ ಕೂಸಿದೆ. ಬಾಗಿಲು ಢಬ್ ಎಂದಿತು, ಎಲ್ಲರೂ ಬೆಚ್ಚಿದೆವು.

ದುಡ್ಡೇ ಇಲ್ಲದ ಊರಾಗಿದ್ದರೆ ಬೇರೆ ಮಾತು. ಗುಡ್ಡ ಅಗೆದವರು ಗಣಿಯ ಸುತ್ತಲಿನ ಹಳ್ಳಿಗಳಿಗೆಂದು ಕಟ್ಟುವ ನಿಧಿಯೊಂದಿದೆ. ಅದರಲ್ಲಿ ಏನು ಮಾಡಬೇಕೆಂದು ಊರಿನ ಸಭೆಯಲ್ಲಿ ಕೇಳುತ್ತಾರೆ. ಆ ಸಭೆ ಶ್ರಾವಣದಲ್ಲಿತ್ತು. ನಾನು ಮತ್ತು ಶಾಹಿನಾ ಮೊದಲೇ ಮೆಂಬರ್ ಎರ್‍ರಿಸ್ವಾಮಿಯವರ ಮನೆಗೆ ಹೋದೆವು. ಮರ್ಯಾದಸ್ಥರು. ಒಳಗೆ ಕರೆದು ಕೂರಿಸಿ ಮಂಡಕ್ಕಿ ಒಗ್ಗರಣೆ ಕೊಟ್ಟರು.

"ಕೆಲಸ ಅಂದ್ರ ಕಾಣಬೇಕ್ರೀ ಮೇಡಂ" ಎಂದರು. "ಈ ಸಲ ಊರ ಬಾಗ್ಲಿಗೆ ಸ್ವಾಗತ ಕಮಾನು ಅಂತ ಫಿಕ್ಸ್ ಆಗೈತಿ. ಮಸ್ತ್ ಲೈಟು. ಅಡಿಗಲ್ಲು ಹಾಕಬೌದು, ಹೆಸರು ಕೆತ್ತಬೌದು. ನಿಮ್ಮದಕ್ಕ ಹೆಸರು ಎಲ್ಲಿ ಕೆತ್ತೋಣ? ಮಂದಿ ತಲಿ ಮ್ಯಾಲಾ?"

ನಾನು ಕಾನ್ವೆಂಟಿನ ಹುಡುಗಿ. "ಥ್ಯಾಂಕ್ಯೂ" ಎಂದು ಹೇಳಿ, ತಟ್ಟೆಯನ್ನು ಬಚ್ಚಲಿನ ಹತ್ತಿರ ಇಟ್ಟು ಹೊರಬಂದೆ. ರಸ್ತೆಯಲ್ಲಿ ಶಾಹಿನಾ ಕೊಡೆ ಬಿಚ್ಚುತ್ತ, "ಥ್ಯಾಂಕ್ಯೂ ಯಾಕಂದ್ರಿ ಅಕ್ಕಾರ? ಮಂಡಕ್ಕಿಗಾ?" ಎಂದಳು. ಮನೆ ಮುಟ್ಟುವವರೆಗೂ ಸಿಟ್ಟು ನೆತ್ತಿಗೇರಿತ್ತು. ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ.

ಕೊನೆಯ ಗುರುವಾರ ಈ ಸುದ್ದಿ ಕೇಳಿ ದುರುಗಮ್ಮ ಎಲೆ ಅಡಿಕೆ ಉಗುಳಿ ಬಂದು, ತನ್ನ ನಡುಮನೆಯಲ್ಲಿ ನಿಂತಂತೆ ಖೋಲಿಯ ನಡುವೆ ನಿಂತಳು. "ಕಾಣಬೇಕಂತಾ? ಲೇ ಹುಲಿಗಿ, ಬುಟ್ಟಿ ತಗಂಬಾ. ಎಲ್ಲಾರೂ ಕೇಳ್ರಿಲ್ಲೆ. ನಿಮ್ಮ ನಿಮ್ಮ ಮನ್ಯಾಗ ಬಿದ್ದೋರ ಕೈಗೆ ಏನೇನು ಕಬ್ಬಿಣ ಹಿಡಿಸೀರಿ, ಅದನ್ನೆಲ್ಲ ತಂದು ಇದರಾಗ ಹಾಕ್ರಿ."

ತಂದರು. ಹಿಡಿ ಹೋದ ಕುಡುಗೋಲು, ಸುತ್ತಿಗೆಯ ತಲೆ, ಸೈಕಲ್ ಚೈನಿನ ತುಂಡು, ಕೊಟ್ಟಿಗೆಯ ಕೊಂಡಿ, ಎಮ್ಮೆಯ ಗೂಟ, ರೊಟ್ಟಿ ತಿರುವುವ ಮೊಗಚಿ, ಹೆಸರಿಲ್ಲದ ಎಷ್ಟೋ ನಟ್ಟುಬೋಲ್ಟು. ಒಬ್ಬ ತಂದೆ ಮಗನ ತೋಳಿಗೆ ಕಟ್ಟಿದ್ದ ಕಬ್ಬಿಣದ ಕಡಗವನ್ನು ಅಲ್ಲಿಯೇ ಬಿಚ್ಚಿ ಹಾಕಿದ. ತೋಳಿನಲ್ಲಿ ಬಿಳಿ ಗೆರೆ ಉಳಿಯಿತು.

ಸಭೆಗೆ ಹೊರಡುವ ಬೆಳಿಗ್ಗೆ ನಾನು ಯಜಮಾನರಿಗೆ ಬೀರುವಿನ ಕೀಲಿಕೈ ಬೇಕು ಎಂದೆ. ಅವರಿಗೆ ಅರ್ಥವಾಯಿತು. "ಅವರ ಪರವಾಗಿ ಮಾತಾಡು. ನಿನ್ನ ವಿಷಯ ಯಾಕೆ? ನಾಳೆ ಮಗಳಿಗೆ ಗಂಡು ನೋಡುವಾಗ..." ಎಂದು ಅಲ್ಲಿಗೇ ನಿಲ್ಲಿಸಿದರು.

"ಹುಲಿಗೆಮ್ಮನ ವಿಷಯ ಊರೆಲ್ಲ ಹೇಳಬಹುದು, ನನ್ನದು ಸ್ವೀಟಿನ ಕವರಿನಲ್ಲಿ ಇರಬೇಕಾ?" ಎಂದೆ. ಮದುವೆಯಾದಾಗಿನಿಂದ ಅವರಿಗೆ ಎದುರು ಮಾತಾಡಿದ್ದು ಅದೇ ಮೊದಲು, ಅದೂ ಮೆಲ್ಲಗೆ.

ಅವರು ಗೊಂಚಲು ತೆಗೆದುಕೊಂಡು ಕಿಟಕಿಯ ಹತ್ತಿರ ಹೋಗಿ ನಿಂತರು. ಗೊಂಚಲಿನ ಬಳೆ ಬಿಗಿಯಾಗಿತ್ತು. ಉಗುರಿನಿಂದ ಬಿಡಿಸುತ್ತ, ಬಿಡಿಸುತ್ತ, ಆ ಒಂದನ್ನು ಹೊರಗೆ ತೆಗೆದು ನನ್ನ ಕೈಯಲ್ಲಿಟ್ಟರು. ಉಗುರು ಕಿತ್ತು ರಕ್ತ ಜಿನುಗಿತ್ತು. "ಬೀರು ಇನ್ನು ತೆಗೆದೇ ಇರಲಿ" ಎಂದರು.

ಸಭೆ ಶಾಲೆಯ ಹಾಲಿನಲ್ಲಿ. ತಗಡಿನ ಮೇಲೆ ಮಳೆ ಹೊಡೆಯುತ್ತಿತ್ತು. ಬ್ಯಾಂಕ್ ಮ್ಯಾನೇಜರ್ ಹೆಂಡತಿ ಎಂದು ನನಗೆ ಮುಂದಿನ ಸಾಲಿನಲ್ಲಿ ಕುರ್ಚಿ, ಪಿಂಗಾಣಿ ಕಪ್ಪಿನಲ್ಲಿ ಛಾ. ಜಮಖಾನದ ಮೇಲೆ ಕೂತವರಿಗೆ ಕಾಗದದ ಲೋಟ. ತಾಲ್ಲೂಕಿನಿಂದ ಬಂದ ಸಾಹೇಬರು ಕಮಾನಿನ ಚಿತ್ರ ಎತ್ತಿ ತೋರಿಸಿದರು. ಎರ್‍ರಿಸ್ವಾಮಿಯವರು ಚಪ್ಪಾಳೆ ಶುರು ಮಾಡುವಷ್ಟರಲ್ಲಿ ದುರುಗಮ್ಮ ಎದ್ದು ಹೋಗಿ ಬುಟ್ಟಿಯನ್ನು ಮೇಜಿನ ಮೇಲೆ ಕೊಡವಿದಳು. ಮಳೆಯ ಸದ್ದೂ ಕೇಳದ ಹಾಗೆ ಕಬ್ಬಿಣ ಉರುಳಿತು. ಸುತ್ತಿಗೆ ತಲೆ ಸಾಹೇಬರ ಛಾ ಚೆಲ್ಲಿತು.

"ಏ ದುರುಗವ್ವಾ! ಇದೇನು ಗುಜರಿ ಅಂಗಡಿ ಅಂತ ತಿಳಿದೀಯೇನು?"

"ಗುಜರಿ ಅಲ್ಲೋ ಎರ್‍ರಿಸ್ವಾಮಿ, ಔಷ್ದಿ. ಈ ಊರು ಬಿದ್ದೋರಿಗೆ ಇಷ್ಟು ವರ್ಷ ಕೊಟ್ಟ ಔಷ್ದಿ. ಗುಡ್ಡದ ತುಂಬ ಕಬ್ಬಿಣ ಐತಿ, ಲಾರಿ ತುಂಬ ಹೊಂಟೈತಿ. ನಮ್ಮ ಕೈಗೆ ಇಷ್ಟಿಷ್ಟು ಕೊಟ್ರಿ. ಗುಣ ಆಗ್ಲಿಲ್ಲ. ನಿಮ್ಮ ಕಬ್ಬಿಣ ನೀವು ವಾಪಸ್ ತಗೋರಿ. ಅದರ ರೊಕ್ಕ ಕೊಡ್ರಿ, ಖೋಲಿ ನಡೀಲಿ."

ಸಾಹೇಬರು ಕರವಸ್ತ್ರದಿಂದ ಮೇಜು ಒರೆಸುತ್ತ, ಸಿಟ್ಟಿಲ್ಲದೆಯೇ ಕೇಳಿದರು. "ಸರಿ ಅಮ್ಮಾ. ಆದರೆ ಈ ಕಾಯಿಲೆಯವರು ಊರಲ್ಲಿ ಇದ್ದಾರೆ ಅಂತ ನಾವು ಹೇಗೆ ತಿಳಿಯೋದು? ಇರೋರು ಕೈ ಎತ್ತಲಿ, ನೋಡೋಣ."

ಯಾರೂ ಎತ್ತಲಿಲ್ಲ. ಗುರುವಾರದ ಬೆಂಚಿನ ಮುಖಗಳೆಲ್ಲ ನೆಲ ನೋಡುತ್ತಿದ್ದವು. ಮದುವೆಯಾಗಬೇಕಾದ ಹುಡುಗಿಯರು, ಕೆಲಸ ಉಳಿಸಿಕೊಳ್ಳಬೇಕಾದ ಗಂಡಸರು. ಹುಲಿಗೆಮ್ಮನ ಕೈ ಮಡಿಲಿನಿಂದ ಎದ್ದು ಅರ್ಧಕ್ಕೆ ನಿಂತಿತು. ಗಂಡ ಪಕ್ಕದಲ್ಲಿದ್ದ.

ನಾನು ಕಪ್ಪನ್ನು ಸಾಸರಿನ ಮೇಲೆ ಸದ್ದಾಗದಂತೆ ಇಟ್ಟು ಎದ್ದೆ. ಮೇಜಿನ ಹತ್ತಿರ ಹೋಗಿ ಬೀರುವಿನ ಕೀಲಿಕೈಯನ್ನು ಬೋಲ್ಟಿನ ಪಕ್ಕದಲ್ಲಿಟ್ಟೆ.

"ನನಗಿದೆ" ಎಂದೆ. "ಚಿಕ್ಕಂದಿನಿಂದ ಇದೆ. ಈ ಹಲ್ಲು ಈ ಕೀಲಿಕೈಯಿಂದ ಮುರಿದದ್ದು. ಕೆಲಸ ಕಾಣಬೇಕು ಅಂದಿರಲ್ಲ ಎರ್‍ರಿಸ್ವಾಮಿಯವರೇ, ನೋಡಿ." ಬಾಯಿಗೆ ಕೈ ಅಡ್ಡ ಹಿಡಿಯದೆ, ಹಲ್ಲು ಪೂರ್ತಿ ಕಾಣುವ ಹಾಗೆ ಅವರ ಮುಖಕ್ಕೆ ನಕ್ಕೆ. ಆಮೇಲೆ ಕುರ್ಚಿಗೆ ವಾಪಸ್ ಹೋಗಲಿಲ್ಲ. ಜಮಖಾನದ ಮೇಲೆ ಹುಲಿಗೆಮ್ಮನ ಮಗ್ಗುಲಲ್ಲಿ ಕೂತೆ.

ಅವಳ ಕೈ ಉಳಿದರ್ಧ ಮೇಲೆ ಹೋಯಿತು. ಗಂಡ ಅದನ್ನು ಕೆಳಗೆ ಎಳೆಯಬಹುದು ಎಂದುಕೊಂಡೆ. ಅವನು ಬಗ್ಗಿ ಅವಳ ಸೆರಗು ಸೋರಿದ ಮಳೆನೀರಿಗೆ ತಾಗದಂತೆ ಸರಿಸಿದ, ಅಷ್ಟೇ. ಆಮೇಲೆ ಗೇಟಿನ ಕೆಲಸದ ಮನುಷ್ಯ ಎತ್ತಿದ. ಕಡಗ ಬಿಚ್ಚಿದ ಹುಡುಗ ಎರಡೂ ಕೈ ಎತ್ತಿದ. ಹಿಂದೆ ಗೋಡೆಗೆ ಒರಗಿ ನಿಂತಿದ್ದ, ನಾವು ಖೋಲಿಯಲ್ಲಿ ಎಂದೂ ನೋಡದವರು ಕೂಡ ಎತ್ತಿದರು. ಕೊನೆಗೆ ಎರ್‍ರಿಸ್ವಾಮಿಯವರ ಸ್ವಂತ ಅತ್ತಿಗೆ.

"ನೀ ಯಾಕ ಎತ್ತೀಯಬೇ?" ಎಂದರು ಅವರು.

"ಐತಿ, ಅದಕ್ಕ ಎತ್ತೀನಿ" ಎಂದಳು ಆಕೆ. "ನಿನಗ ಕಾಣಂಗಿಲ್ಲ ಅಂದ್ರ ನಾ ಏನ್ಮಾಡ್ಲಿ?"

ಖೋಲಿಗೆ ಹಣ ಬಂತು. ಒಂದು ವರ್ಷಕ್ಕೆ ಮಾತ್ರ, ಮುಂದಿನ ವರ್ಷ ನೋಡೋಣ ಎಂಬ ಮಾತಿನೊಂದಿಗೆ. ಕಮಾನಿಗೂ ಬಂತು. ಸಾಹೇಬರು ಹೊರಡುವಾಗ ಕಬ್ಬಿಣವನ್ನು ಮೇಜಿನ ಮೇಲೇ ಬಿಟ್ಟು ಹೋದರು. ಅವರವರ ಸಾಮಾನು ಅವರವರು ಒಯ್ಯಿರಿ ಎಂದರೆ ಯಾರೂ ಮುಟ್ಟಲಿಲ್ಲ. ಶಾಹಿನಾ ಬೈದುಕೊಳ್ಳುತ್ತ ಬುಟ್ಟಿಗೆ ತುಂಬಿ ಖೋಲಿಗೆ ತಂದು, ಇಡಲು ಜಾಗವಿಲ್ಲದೆ ಬಾಗಿಲಿಗೆ ಒತ್ತಿ ಇಟ್ಟಳು. ಬಾಗಿಲು ಅಂದಿನಿಂದ ಬಡಿದುಕೊಳ್ಳಲಿಲ್ಲ. ಹಗಲೆಲ್ಲ ತೆರೆದೇ ಇರತೊಡಗಿತು.

ಹುಲಿಗೆಮ್ಮ ಕಂಪ್ಲಿಗೆ ಹೋಗಲಿಲ್ಲ. ಚಳಿಗಾಲದಲ್ಲಿ ಸಂಡೂರಿನಲ್ಲಿಯೇ ಹೆತ್ತಳು. ಹೆಣ್ಣು. ಎಣ್ಣೆ ನೀರು ಹಾಕುವ ದಿನ ಯಾರೋ ಮುದುಕಿ ತೊಟ್ಟಿಲಿಗೆ ದೃಷ್ಟಿ ಆಗಬಾರದೆಂದು ಕಬ್ಬಿಣದ ತುಂಡು ಇಡಲು ಹೋದಾಗ ದುರುಗಮ್ಮ, "ನಮ್ಮನಿ ಕಬ್ಬಿಣ ಎಲ್ಲಾ ಸರ್ಕಾರಕ್ಕ ಕೊಟ್ಟೀವಿ" ಎಂದಳಂತೆ.

ನಮಗೆ ಮರುವರ್ಷ ವಾಪಸ್ ಹೊಸಪೇಟೆಗೆ ವರ್ಗವಾಯಿತು. ಆದರೆ ಒಂದು ವರ್ಷದ ಹಣ ಒಂದೇ ವರ್ಷಕ್ಕೆ ಮುಗಿಯುತ್ತದೆ. ಅದಕ್ಕೆ ಪ್ರತಿ ಶ್ರಾವಣದಲ್ಲೂ ಸಭೆ, ಪ್ರತಿ ಸಲವೂ ಅದೇ ಬುಟ್ಟಿ, ಪ್ರತಿ ಸಲವೂ ಹೊಸ ಸಾಹೇಬರು. ಒಬ್ಬರು ಕಳೆದ ಸಲ ನನಗೆ, "ಬೇಡುವುದಕ್ಕೂ ಒಂದು ರೀತಿ ಇರುತ್ತದೆ ಮೇಡಂ" ಎಂದರು. "ನಾವು ಬೇಡುತ್ತಿಲ್ಲ ಸರ್" ಎಂದೆ. ಥ್ಯಾಂಕ್ಯೂ ಹೇಳಲಿಲ್ಲ.

ಮೊನ್ನೆ ಬಸ್ಸಿನಲ್ಲಿ ಹೋದದ್ದೂ ಅದಕ್ಕೇ. ಕಮಾನಿನ ಒಂದು ಕಾಲಿಗೆ ಲಾರಿ ತಾಗಿ ಗಾರೆ ಉದುರಿತ್ತು. ಅದರ ಕೆಳಗೆ ಇಳಿದು ನೆನೆಯುತ್ತ ಖೋಲಿಗೆ ಹೋದೆ. ಹುಲಿಗೆಮ್ಮನೂ ದುರುಗಮ್ಮನೂ ಬುಟ್ಟಿಯ ಆ ಕಡೆ ಈ ಕಡೆ ಹಿಡಿದು ಎತ್ತುತ್ತಿದ್ದರು. ಹುಲಿಗೆಮ್ಮನ ಮಗಳು ಎರಡು ಜಡೆ ಹಾಕಿಕೊಂಡು ಕೊಡೆ ಹಿಡಿದು ಕಾಯುತ್ತಿದ್ದಳು. ಬುಟ್ಟಿ ನೆಲ ಬಿಟ್ಟದ್ದೇ ತಡ, ಗುಡ್ಡದ ಗಾಳಿಗೆ ಬಾಗಿಲು ಢಬ್ ಎಂದು ಬಡಿಯಿತು.

"ಅವ್ವಾ, ಕಲ್ಲು ಇಡ್ಲೇನು?" ಎಂದಳು ಹುಡುಗಿ.

"ಬ್ಯಾಡ" ಎಂದಳು ಹುಲಿಗೆಮ್ಮ. "ನಾವು ತಿರುಗಿ ಬರೂತನಕ ಬಡಕೊಳ್ಳಲಿ ಬಿಡು. ಊರಿಗೆಲ್ಲ ಕೇಳಲಿ."

ನಾನು ಬುಟ್ಟಿಗೆ ಒಂದು ಕೈ ಕೊಟ್ಟೆ.